ಯಜಮಾನರ ನಿಧನಾನಂತರ ವಾಹನ ಯಾರ ಹೆಸರಿಗೆ? ಮೂವತ್ತು ದಿನಗಳೊಳಗಿನ ಒಂದು ಪತ್ರ

ವ್ಯಾಪಾರಸ್ಥರ ಮನೆಯಲ್ಲಿ ಹಿರಿಯರು ಕಾಲವಾದರೆ ಅಂಗಡಿಯ ಬಾಗಿಲು ಹದಿಮೂರನೆಯ ದಿನದವರೆಗೆ ಮುಚ್ಚಿರಬಹುದು. ಆದರೆ ಸರಕು ಸಾಗಿಸುವ ವಾಹನ ಅಷ್ಟು ದಿನ ನಿಲ್ಲುವುದು ಅಪರೂಪ. ಒಪ್ಪಿಕೊಂಡ ಮಾಲು ತಲುಪಿಸಬೇಕು, ಟ್ರಾನ್ಸ್‌ಪೋರ್ಟ್ ಗೋದಾಮಿಗೆ ಬಂದು ಬಿದ್ದಿರುವ ಸರಕನ್ನು ಎತ್ತಬೇಕು, ಚಾಲಕನಿಗೆ ಸಂಬಳ ಕೊಡಬೇಕು. ಕೀಲಿಕೈ ಮಗನ ಕೈಗೆ ಬರುತ್ತದೆ, ವಾಹನ ಓಡುತ್ತದೆ. ನೋಂದಣಿ ಪ್ರಮಾಣಪತ್ರದಲ್ಲಿ ಮಾತ್ರ ತೀರಿಕೊಂಡವರ ಹೆಸರೇ ಉಳಿದಿರುತ್ತದೆ. ಬ್ಯಾಂಕ್ ಖಾತೆ, ಅಂಗಡಿಯ ಬಾಡಿಗೆ ಕರಾರು, ಜಿ.ಎಸ್.ಟಿ. ನೋಂದಣಿ, ಜೀವವಿಮೆ ಇವುಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಕುಟುಂಬವು ಅಂಗಳದಲ್ಲಿ ನಿಂತಿರುವ ವಾಹನವನ್ನು ಮರೆಯುತ್ತದೆ. ಅದು ಕಣ್ಣೆದುರಿಗೇ ಇದೆ, ಕೈಯಲ್ಲೇ ಇದೆ ಎಂಬುದೇ ಮರೆವಿಗೆ ಕಾರಣವಿರಬೇಕು.

ಈ ಲೇಖಕನಿಗೆ ಪರಿಚಿತರಾದ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರ ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ತಂದೆಯವರು ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ಒಂದು ಸಣ್ಣ ಸರಕು ವಾಹನವಿತ್ತು. ಸಿಮೆಂಟು, ಕಬ್ಬಿಣದ ಸರಳು, ಬಣ್ಣದ ಡಬ್ಬಿಗಳನ್ನು ಗಿರಾಕಿಗಳ ಮನೆಗೆ ತಲುಪಿಸುವ ಕೆಲಸ ಅದರದು. ಹಿರಿಯ ಮಗ ಅಂಗಡಿಯ ಹೊಣೆ ಹೊತ್ತುಕೊಂಡರು. ಐದನೆಯ ತಿಂಗಳಲ್ಲಿ ವಿಮಾ ಅವಧಿ ಮುಗಿಯುತ್ತಿದೆ ಎಂಬ ಸಂದೇಶ ಬಂದಾಗ, ಮೊಬೈಲಿನಲ್ಲಿ ವಾಹನದ ಸಂಖ್ಯೆಯನ್ನು ಹಾಕಿ ಹಣ ಕಟ್ಟಿದರು. ಐದು ನಿಮಿಷದಲ್ಲಿ ಪಾಲಿಸಿ ನವೀಕರಣಗೊಂಡಿತು, ತಂದೆಯ ಹೆಸರಿನಲ್ಲಿಯೇ. ಏಳನೆಯ ತಿಂಗಳಲ್ಲಿ ಊರ ಹೊರವಲಯದಲ್ಲಿ ಅಪಘಾತವಾಯಿತು. ದ್ವಿಚಕ್ರ ವಾಹನ ಸವಾರರೊಬ್ಬರ ಕಾಲು ಮುರಿಯಿತು, ಸರಕು ವಾಹನದ ಮುಂಭಾಗ ಜಖಂಗೊಂಡಿತು. ದುರಸ್ತಿಗೆ ತಗುಲಿದ ಸುಮಾರು ಎರಡು ಲಕ್ಷ ರೂಪಾಯಿಗಳನ್ನು ಕೇಳಿದಾಗ ವಿಮಾ ಸಂಸ್ಥೆಯು ಎತ್ತಿದ ಪ್ರಶ್ನೆ ಒಂದೇ: ಪಾಲಿಸಿ ನೀಡಿದ ದಿನದಂದು ವಿಮೆದಾರರು ಜೀವಂತವಾಗಿದ್ದರೇ? ತೀರಿಕೊಂಡವರೊಡನೆ ಕರಾರು ಏರ್ಪಡುವುದಿಲ್ಲವೆಂದು ಹೇಳಿ ಆ ಅರ್ಜಿಯನ್ನು ತಳ್ಳಿಹಾಕಲಾಯಿತು. ಗಾಯಗೊಂಡವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದರು. ಮಾಲೀಕರು ಯಾರೆಂಬುದು ಸ್ಪಷ್ಟವಿಲ್ಲದ ಕಾರಣ ವಾರಸುದಾರರೆಲ್ಲರಿಗೂ ನೋಟಿಸು ಬಂದಿತು. ಮದುವೆಯಾಗಿ ಬೇರೆ ಊರಿನಲ್ಲಿರುವ, ಆ ವಾಹನವನ್ನು ವರ್ಷದಲ್ಲಿ ಒಮ್ಮೆಯೂ ನೋಡದ ಮಗಳಿಗೂ ಬಂದಿತು.

ಇಷ್ಟಕ್ಕೂ ಆ ಕುಟುಂಬ ಮಾಡದೆ ಬಿಟ್ಟದ್ದು ಏನು? ಒಂದು ಪುಟದ ಪತ್ರ ಮತ್ತು ಅದರ ಬೆನ್ನಿಗೆ ಒಂದು ಅರ್ಜಿ.

ಕಾನೂನು ಹೇಳುವುದೇನು?

ಮೋಟಾರು ವಾಹನಗಳ ಅಧಿನಿಯಮ, 1988ರ 50ನೆಯ ಪ್ರಕರಣವು ಮಾಲೀಕತ್ವದ ವರ್ಗಾವಣೆಯನ್ನು ಕುರಿತದ್ದು. ಮಾರಾಟದ ಸಂಗತಿ ಅದರ ಮೊದಲ ಉಪಪ್ರಕರಣದಲ್ಲಿದ್ದರೆ, ನೋಂದಾಯಿತ ಮಾಲೀಕರು ಮೃತಪಟ್ಟ ಸಂದರ್ಭಕ್ಕೆ ಎರಡನೆಯ ಉಪಪ್ರಕರಣ ಅನ್ವಯಿಸುತ್ತದೆ. ಇದರ ವಿಧಿವಿಧಾನಗಳು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 56ನೆಯ ನಿಯಮದಲ್ಲಿವೆ. ನಿಯಮ ಚಿಕ್ಕದು, ಅದರಲ್ಲಿರುವ ಗಡುವುಗಳು ಎರಡು. ವಾಹನದ ಸ್ವಾಧೀನಕ್ಕೆ ಬಂದ ಉತ್ತರಾಧಿಕಾರಿಯು ಮರಣದ ದಿನದಿಂದ 30 ದಿನಗಳೊಳಗೆ, ಮಾಲೀಕರು ತೀರಿಕೊಂಡ ಸಂಗತಿಯನ್ನೂ ವಾಹನವನ್ನು ತಾನು ಬಳಸಲು ಇಚ್ಛಿಸುವುದನ್ನೂ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಹಾಗೆ ತಿಳಿಸಿದವರು, ವಾಹನವು ತಮ್ಮ ಹೆಸರಿಗೆ ವರ್ಗಾವಣೆಯಾಗಿದೆಯೋ ಎಂಬಂತೆ ಮೂರು ತಿಂಗಳ ಕಾಲ ಅದನ್ನು ಬಳಸಬಹುದು. ಆ ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು.

ಓದುಗರು ಗಮನಿಸಬೇಕಾದ ಅಂಶ ಇಲ್ಲಿದೆ. ಮೂರು ತಿಂಗಳ ಬಳಕೆಯ ಅವಕಾಶವು ತಾನಾಗಿ ಒದಗುವುದಿಲ್ಲ. 30 ದಿನಗಳೊಳಗಿನ ತಿಳಿವಳಿಕೆ ಪತ್ರಕ್ಕೆ ಅದು ಕಟ್ಟುಬಿದ್ದಿದೆ. ಪತ್ರ ಕೊಡದವರಿಗೆ ಆ ರಕ್ಷಣೆಯಿಲ್ಲ. ಮೂರು ತಿಂಗಳಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವ ಬಹುತೇಕರು ಎಡವುವುದು ಇದೇ ಜಾಗದಲ್ಲಿ.

ಮೂವತ್ತು ದಿನವೆಂದರೆ ಕೇಳಲು ದೀರ್ಘವೆನಿಸುತ್ತದೆ. ನಮ್ಮ ಮನೆಗಳ ಲೆಕ್ಕ ಬೇರೆ. ವೈಕುಂಠ ಸಮಾರಾಧನೆ ಮುಗಿಯುವ ಹೊತ್ತಿಗೆ ಹದಿಮೂರು ದಿನ ಸಂದಿರುತ್ತದೆ. ನಲವತ್ತನೆಯ ದಿನದ ಕಾರ್ಯವನ್ನು ಆಚರಿಸುವ ಮನೆಗಳಲ್ಲಿ ದುಃಖದ ದಿನಗಳು ಮುಗಿಯುವ ಮೊದಲೇ ಗಡುವು ಮುಗಿದಿರುತ್ತದೆ. ನಿಯಮ ರೂಪಿಸಿದವರಿಗೆ ಇದು ತಿಳಿಯದೆ ಇರಲಾರದು, ಆದರೂ ನಿಯಮವು ನಿಯಮವೇ. ಆದುದರಿಂದ ಮನೆಯವರ ಬದಲು ನಂಬಿಕೆಯ ಗುಮಾಸ್ತರೊಬ್ಬರೋ ಸಮೀಪದ ಬಂಧುವೋ ಈ ಕೆಲಸದ ಹೊಣೆ ಹೊರುವುದು ಲೇಸು. ಉತ್ತರಾಧಿಕಾರಿಯ ಸಹಿ ಇದ್ದರಾಯಿತು, ಕಚೇರಿಗೆ ಅವರೇ ಹೋಗಬೇಕೆಂದಿಲ್ಲ. ಪತ್ರವನ್ನು ಎರಡು ಪ್ರತಿ ಮಾಡಿ, ಒಂದನ್ನು ಪ್ರಾದೇಶಿಕ ಸಾರಿಗೆ ಕಚೇರಿಯ ಸ್ವೀಕೃತಿ ಶಾಖೆಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಹೋಗಲಾಗದಿದ್ದಲ್ಲಿ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡಬೇಕು. ಮುಂದೆ ಏನೇ ತಕರಾರು ಬಂದರೂ ಕೈಹಿಡಿಯುವುದು ಆ ಮೊಹರು ಅಥವಾ ರಸೀದಿ.

ಪತ್ರದ ಒಕ್ಕಣೆ ಹೀಗಿದ್ದರೆ ಸಾಕು: “ಮಾನ್ಯರೇ, ಇಂತಹ ಸಂಖ್ಯೆಯ ವಾಹನದ ನೋಂದಾಯಿತ ಮಾಲೀಕರಾಗಿದ್ದ ನನ್ನ ತಂದೆಯವರು ಇಂತಹ ದಿನಾಂಕದಂದು ನಿಧನರಾಗಿರುತ್ತಾರೆ. ಸದರಿ ವಾಹನವು ಪ್ರಸ್ತುತ ನನ್ನ ಸ್ವಾಧೀನದಲ್ಲಿದ್ದು, ಅದನ್ನು ನಾನು ಬಳಸಲು ಇಚ್ಛಿಸಿರುತ್ತೇನೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 56ರ ಅನ್ವಯ ಈ ವಿಷಯವನ್ನು ತಮ್ಮ ಗಮನಕ್ಕೆ ತರುತ್ತಿದ್ದು, ಮಾಲೀಕತ್ವದ ವರ್ಗಾವಣೆಗೆ ನಿಗದಿತ ಅವಧಿಯೊಳಗೆ ಅರ್ಜಿ ಸಲ್ಲಿಸುತ್ತೇನೆ.” ಮರಣ ಪ್ರಮಾಣಪತ್ರದ ಪ್ರತಿ ಕೈಗೆ ಬಂದಿದ್ದರೆ ಲಗತ್ತಿಸಿ, ಬಂದಿಲ್ಲವಾದರೆ ಅದಕ್ಕಾಗಿ ಕಾದು ಗಡುವನ್ನು ಕಳೆದುಕೊಳ್ಳಬೇಡಿ, ನಂತರ ಸಲ್ಲಿಸುವುದಾಗಿ ಬರೆಯಿರಿ. ಪತ್ರದೊಡನೆ ಪ್ರಮಾಣಪತ್ರವೂ ಇರಲೇಬೇಕೆಂದು ನಿಯಮ ಹೇಳಿಲ್ಲ. ಅದನ್ನು ಕೇಳುವುದು ನಮೂನೆ 31ರ ಜೊತೆಗೆ.

ಅರ್ಜಿ ಮತ್ತು ದಾಖಲೆಗಳು

ನಮೂನೆ 31ರೊಂದಿಗೆ ನಿಯಮವು ಕೇಳುವ ದಾಖಲೆಗಳು ಕೆಲವೇ: ಮರಣ ಪ್ರಮಾಣಪತ್ರ, ನೋಂದಣಿ ಪ್ರಮಾಣಪತ್ರ, ವಿಮಾ ಪ್ರಮಾಣಪತ್ರ ಮತ್ತು ನಿಗದಿತ ಶುಲ್ಕ. ಶುಲ್ಕವು ಆಯಾ ವರ್ಗದ ವಾಹನದ ನೋಂದಣಿ ಶುಲ್ಕದ ಅರ್ಧದಷ್ಟು, ಭಾರವೆನಿಸುವ ಮೊತ್ತವಲ್ಲ. ವಾರಸುದಾರಿಕೆಯನ್ನು ಸಾಬೀತುಪಡಿಸುವ ಕಾಗದಗಳು ವ್ಯವಹಾರದಲ್ಲಿ ಇದರೊಡನೆ ಸೇರಿಕೊಳ್ಳುತ್ತವೆ: ಮೃತರ ಕುಟುಂಬದಲ್ಲಿ ಬದುಕಿರುವ ಸದಸ್ಯರು ಯಾರು ಯಾರೆಂದು ನಾಡಕಚೇರಿಯಿಂದ ಪಡೆಯುವ ದೃಢೀಕರಣ ಪತ್ರ, ಇತರ ವಾರಸುದಾರರ ಒಪ್ಪಿಗೆಯ ಅಫಿಡವಿಟ್, ಅರ್ಜಿದಾರರ ವಿಳಾಸದ ಪುರಾವೆ. ವಾಹನದ ಮೇಲೆ ಸಂಚಾರ ದಂಡ ಬಾಕಿ ಇದ್ದರೆ ಅದನ್ನೂ, ತೆರಿಗೆಯ ಕಂತು ಬಾಕಿ ಇದ್ದರೆ ಅದನ್ನೂ ಮೊದಲು ತೀರಿಸಿಕೊಳ್ಳುವುದು ಒಳ್ಳೆಯದು. ಅರ್ಜಿಯನ್ನು ಈಗ ಪರಿವಾಹನ್ ಜಾಲತಾಣದ ಮೂಲಕ ಭರ್ತಿಮಾಡುವ ವ್ಯವಸ್ಥೆಯಿದೆ.

ಮರಣದ ನೋಂದಣಿಯೇ ಇದಕ್ಕೆಲ್ಲ ಬುನಾದಿ. ಮರಣವನ್ನು 21 ದಿನಗಳೊಳಗೆ ವರದಿ ಮಾಡಿಸಿದರೆ ಯಾವ ತೊಡಕೂ ಇರುವುದಿಲ್ಲ. ತಡವಾದಷ್ಟೂ ಮೇಲಧಿಕಾರಿಗಳ ಅನುಮತಿ, ಅಫಿಡವಿಟ್ ಎಂದು ಮೆಟ್ಟಿಲುಗಳು ಹೆಚ್ಚುತ್ತವೆ. ಆಸ್ಪತ್ರೆಯಲ್ಲಿ ತೀರಿಕೊಂಡರೆ ವರದಿ ಮಾಡುವ ಹೊಣೆ ಆಸ್ಪತ್ರೆಯದು. ಮನೆಯಲ್ಲಿ ತೀರಿಕೊಂಡರೆ ಮನೆಯವರದು. ಪ್ರಮಾಣಪತ್ರದಲ್ಲಿನ ಹೆಸರಿಗೂ ನೋಂದಣಿ ಪ್ರಮಾಣಪತ್ರದಲ್ಲಿನ ಹೆಸರಿಗೂ ಹೊಂದಾಣಿಕೆ ಇರುವಂತೆ ಆಗಲೇ ನೋಡಿಕೊಳ್ಳಬೇಕು. ಒಂದರಲ್ಲಿ ಮನೆತನದ ಹೆಸರು ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು, ಒಂದರಲ್ಲಿ ‘ಅಪ್ಪ’ ಇದ್ದು ಇನ್ನೊಂದರಲ್ಲಿ ಬರೀ ಮೊದಲಕ್ಷರ ಇರುವುದು ನಮ್ಮ ಭಾಗದಲ್ಲಿ ಸರ್ವೇಸಾಮಾನ್ಯ. ಇಂತಹ ವ್ಯತ್ಯಾಸಕ್ಕಾಗಿ ವಾರಗಟ್ಟಲೆ ಅಲೆದವರಿದ್ದಾರೆ.

ಒಪ್ಪಿಗೆ ಯಾರು ಯಾರದು ಬೇಕು? ಹಿಂದೂ ಪುರುಷರೊಬ್ಬರು ಉಯಿಲು ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ ಪ್ರಕಾರ ಅವರ ಸ್ವಯಾರ್ಜಿತ ಆಸ್ತಿಯು ಮೊದಲ ವರ್ಗದ ವಾರಸುದಾರರಿಗೆ ಸೇರುತ್ತದೆ. ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮಾತ್ರವಲ್ಲದೆ ತಾಯಿಯೂ ಆ ವರ್ಗದಲ್ಲಿದ್ದಾರೆ, ತಂದೆ ಇಲ್ಲ. ಮಗ ತೀರಿಕೊಂಡ ಮನೆಯಲ್ಲಿ ವಯಸ್ಸಾದ ತಾಯಿ ಜೀವಂತವಿದ್ದರೆ ಅವರ ಒಪ್ಪಿಗೆಯೂ ಬೇಕೆಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ. ಮದುವೆಯಾದ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಪಟ್ಟಿ ಬರೆಯಿಸುವ ಹಳೆಯ ಚಾಳಿಯೂ ಇನ್ನೂ ಹೋಗಿಲ್ಲ. ಅದು ತಪ್ಪು, ಮುಂದೆ ವ್ಯಾಜ್ಯಕ್ಕೆ ದಾರಿ. ಮುಸಲ್ಮಾನರಿಗೆ ಅವರ ವೈಯಕ್ತಿಕ ಕಾನೂನು, ಕ್ರೈಸ್ತರಿಗೆ ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925 ಅನ್ವಯಿಸುತ್ತವೆ. ಇನ್ನು ‘ಉತ್ತರಾಧಿಕಾರ ಪ್ರಮಾಣಪತ್ರ’ವನ್ನು ನ್ಯಾಯಾಲಯದಿಂದ ತರಬೇಕೇ ಎಂದು ಕೇಳುವವರಿದ್ದಾರೆ. 1925ರ ಅಧಿನಿಯಮದ ಆ ಪ್ರಮಾಣಪತ್ರವು ಮೃತರಿಗೆ ಬರಬೇಕಾದ ಸಾಲಗಳು ಮತ್ತು ಷೇರು, ಬಾಂಡುಗಳಂತಹ ಭದ್ರತಾಪತ್ರಗಳಿಗೆ ಸಂಬಂಧಿಸಿದ್ದು. ಕುಟುಂಬದಲ್ಲಿ ಒಮ್ಮತವಿದ್ದರೆ ವಾಹನವೊಂದಕ್ಕಾಗಿ ನ್ಯಾಯಾಲಯದ ಬಾಗಿಲು ತಟ್ಟುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ. ಒಮ್ಮತವಿಲ್ಲದಿದ್ದರೆ ಅದು ಬೇರೆಯೇ ಕಥೆ.

“ಸಹಿ ನೀವೇ ಹಾಕಿಬಿಡಿ”

ತೀರಿಕೊಂಡವರ ವಾಹನವನ್ನು ಇಟ್ಟುಕೊಳ್ಳದೆ ಮಾರಲು ಬಯಸುವವರಿಗೆ ಕಚೇರಿಯ ಸುತ್ತಮುತ್ತ ಸಿಗುವ ಸಲಹೆ ಒಂದಿದೆ: “ನಮೂನೆ 29, 30ಕ್ಕೆ ಯಜಮಾನರ ಸಹಿ ನೀವೇ ಹಾಕಿಬಿಡಿ ಸಾರ್, ಯಾರು ನೋಡ್ತಾರೆ?” ನಮೂನೆ 29 ಮತ್ತು 30 ಜೀವಂತ ಮಾಲೀಕರು ಮಾರಾಟ ಮಾಡುವಾಗ ಬಳಸುವಂಥವು. ತೀರಿಕೊಂಡವರ ಹೆಸರಿನಲ್ಲಿ ಅವುಗಳಿಗೆ ಸಹಿ ಹಾಕುವುದು ಸುಳ್ಳು ದಸ್ತಾವೇಜು ಸೃಷ್ಟಿಸಿದಂತೆ. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅದು ಅಪರಾಧ. ಕೊಂಡವರ ಹೆಸರಿಗೆ ವಾಹನ ವರ್ಗಾವಣೆಯಾಗಿ ವರ್ಷಗಳ ಮೇಲೆ, ಸಹಿಯ ದಿನಾಂಕವು ಮರಣದ ದಿನಾಂಕಕ್ಕಿಂತ ನಂತರದ್ದೆಂದು ಯಾರಾದರೂ ತೋರಿಸಿದರೆ ಸಿಕ್ಕಿಬೀಳುವವರು ಮನೆಯವರು, ಸಲಹೆ ಕೊಟ್ಟವರಲ್ಲ. ಮೊದಲು ನಮೂನೆ 31ರ ಮೂಲಕ ವಾರಸುದಾರರ ಹೆಸರಿಗೆ, ಆಮೇಲೆ 29 ಮತ್ತು 30ರ ಮೂಲಕ ಕೊಳ್ಳುವವರ ಹೆಸರಿಗೆ: ಇದು ಸರಿಯಾದ ಕ್ರಮ. ಸೆಕೆಂಡ್‌ಹ್ಯಾಂಡ್ ವಾಹನ ಕೊಳ್ಳುವ ಸದಸ್ಯರು ಕೂಡ ನೋಂದಾಯಿತ ಮಾಲೀಕರನ್ನು ಮುಖತಃ ಭೇಟಿಯಾಗದೆ ಹಣ ಕೊಡಬಾರದು.

ವಿಮೆ: ನಷ್ಟದ ಮೂಲ ಇಲ್ಲಿದೆ

ಸಾರಿಗೆ ಕಚೇರಿಯಲ್ಲಿ ತಡವಾದರೆ ದಂಡ ಕಟ್ಟಿ ಪಾರಾಗಬಹುದು. ವಿಮೆಯಲ್ಲಿ ತಪ್ಪಿದರೆ ವ್ಯಾಪಾರವೇ ಅಲುಗಾಡಬಹುದು. ಮೋಟಾರು ವಿಮೆಯ ಸಮಗ್ರ ಪಾಲಿಸಿಯ ಷರತ್ತುಗಳಲ್ಲಿ, ಯಾರೂ ಓದದ ಕೊನೆಯ ಪುಟಗಳಲ್ಲಿ, ಒಂದು ಷರತ್ತಿದೆ. ಏಕೈಕ ವಿಮೆದಾರರು ಮೃತಪಟ್ಟರೆ ಪಾಲಿಸಿ ತಕ್ಷಣ ರದ್ದಾಗುವುದಿಲ್ಲ. ಮರಣದ ದಿನದಿಂದ ಮೂರು ತಿಂಗಳವರೆಗೆ ಅಥವಾ ಪಾಲಿಸಿಯ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಅದು ಊರ್ಜಿತವಾಗಿರುತ್ತದೆ. ಆ ಅವಧಿಯೊಳಗೆ ವಾಹನವನ್ನು ಪಡೆದ ವಾರಸುದಾರರು ಪಾಲಿಸಿಯನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ಅರ್ಜಿ ಸಲ್ಲಿಸಬೇಕು, ಇಲ್ಲವೇ ತಮ್ಮ ಹೆಸರಿನಲ್ಲಿ ಹೊಸ ಪಾಲಿಸಿ ಪಡೆಯಬೇಕು. ಮರಣ ಪ್ರಮಾಣಪತ್ರ, ವಾಹನದ ಮೇಲಿನ ಹಕ್ಕಿನ ಪುರಾವೆ, ಮೂಲ ಪಾಲಿಸಿ ಇಷ್ಟನ್ನು ಅರ್ಜಿಯೊಂದಿಗೆ ಕೊಡಬೇಕು. ಸಾರಿಗೆ ಕಚೇರಿಯ ಮೂರು ತಿಂಗಳು, ವಿಮೆಯ ಮೂರು ತಿಂಗಳು ಎರಡೂ ಒಂದೇ ದಿನದಿಂದ ಎಣಿಕೆಯಾಗುತ್ತವೆ ಎಂಬುದು ಉಲ್ಲೇಖನೀಯ.

ಅಧಿನಿಯಮದ 157ನೆಯ ಪ್ರಕರಣದ ಪ್ರಕಾರ ವಾಹನ ವರ್ಗಾವಣೆಯಾದಾಗ ವಿಮೆಯೂ ತಾನಾಗಿ ವರ್ಗಾವಣೆಯಾಗುತ್ತದೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಕಂಪ್ಲೀಟ್ ಇನ್ಸುಲೇಷನ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಉತ್ತರ ನೀಡಿದೆ: ಆ ಪ್ರಕರಣದ ವ್ಯಾಪ್ತಿ ಮೂರನೆಯ ವ್ಯಕ್ತಿಗೆ ಆಗುವ ಹಾನಿಗೆ ಸೀಮಿತ, ಸ್ವಂತ ವಾಹನದ ನಷ್ಟಕ್ಕೆ ವಿಮಾ ಸಂಸ್ಥೆಯೊಡನೆ ಬೇರೆ ಒಪ್ಪಂದ ಬೇಕು. ಆ ತೀರ್ಪು ಮಾರಾಟದ ಸಂದರ್ಭದ್ದಾದರೂ ಅದರಿಂದ ಕಲಿಯಬೇಕಾದುದು ನಮಗೂ ಇದೆ. ಅಂತೆಯೇ 2018ರ ನವೀನ್ ಕುಮಾರ್ ಪ್ರಕರಣದಲ್ಲಿ, ವಾಹನ ಎಷ್ಟೇ ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಅದೇ ನ್ಯಾಯಾಲಯ ಹೇಳಿತು. ದಾಖಲೆಯಲ್ಲಿರುವ ಮಾಲೀಕರು ಜೀವಂತವಿಲ್ಲದಿದ್ದರೆ? ಮೇಲೆ ಹೇಳಿದ ಹಾರ್ಡ್‌ವೇರ್ ವ್ಯಾಪಾರಿಯ ಕುಟುಂಬ ವಕೀಲರಿಗೆ ಹಣ ತೆರುತ್ತಿರುವುದು ಈ ಪ್ರಶ್ನೆಗಾಗಿಯೇ.

ಮಾಲೀಕ–ಚಾಲಕರ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯನ್ನೂ ಮರೆಯುವಂತಿಲ್ಲ. 2018ರಲ್ಲಿ ಅದರ ಮೊತ್ತವನ್ನು 15 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಅದರ ಹೆಸರೇ ಹೇಳುವಂತೆ ಅದು ಮಾಲೀಕರಾಗಿದ್ದು ಚಲಾಯಿಸುವವರಿಗೆ. ತಂದೆಯ ಹೆಸರಿನ ವಾಹನವನ್ನು ಚಲಾಯಿಸುತ್ತಿರುವ ಮಗನಿಗೆ ಏನಾದರೂ ಆದರೆ, ಆತ ಮಾಲೀಕನೇ ಅಲ್ಲವೆಂಬ ತಕರಾರಿಗೆ ಅವಕಾಶವಾಗುತ್ತದೆ. ಒಂದು ಸಾವಿನ ದುಃಖದಲ್ಲಿರುವ ಮನೆಗೆ ಇದಕ್ಕಿಂತ ದೊಡ್ಡ ಆಪತ್ತು ಇಲ್ಲ.

ಲಾಭದ ಒಂದು ಮಾತೂ ಇದೆ. ಕ್ಲೇಮು ಮಾಡದ ವರ್ಷಗಳಿಗೆ ದೊರೆಯುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಸಾಮಾನ್ಯವಾಗಿ ವ್ಯಕ್ತಿಗೆ ಸೇರಿದ್ದೇ ಹೊರತು ವಾಹನಕ್ಕಲ್ಲ. ಮಾರಾಟದೊಂದಿಗೆ ಅದು ಹೋಗುವುದಿಲ್ಲ. ಆದರೆ ವಿಮೆದಾರರ ಮರಣದಿಂದ ವಾಹನವು ಪತಿ, ಪತ್ನಿ, ಮಕ್ಕಳು ಅಥವಾ ತಂದೆತಾಯಿಯ ಪಾಲಿಗೆ ಬಂದರೆ ಆ ರಿಯಾಯಿತಿಯೂ ಅವರಿಗೆ ದೊರೆಯುತ್ತದೆ. ಕೇಳಿ ಪಡೆಯಬೇಕು, ಹಲವು ವರ್ಷ ಜಾಗ್ರತೆಯಿಂದ ವಾಹನ ಓಡಿಸಿದವರ ಉಳಿತಾಯ ಅದು.

ರಹದಾರಿ ಮತ್ತು ಸಾಲ

ಸರಕು ವಾಹನದ ಒಟ್ಟು ತೂಕ 3,000 ಕಿಲೋಗ್ರಾಂ ಮೀರದಿದ್ದರೆ ರಹದಾರಿ, ಅಂದರೆ ಪರ್ಮಿಟ್, ಅಗತ್ಯವಿಲ್ಲ. ಅದಕ್ಕಿಂತ ದೊಡ್ಡ ವಾಹನವಿರುವವರು 82ನೆಯ ಪ್ರಕರಣವನ್ನು ನೋಡಬೇಕು. ಅಲ್ಲಿಯೂ ಅದೇ ಲೆಕ್ಕ: 30 ದಿನಗಳೊಳಗೆ ರಹದಾರಿ ನೀಡಿದ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಿದರೆ ಮೂರು ತಿಂಗಳ ಬಳಕೆ, ಮೂರು ತಿಂಗಳೊಳಗೆ ವರ್ಗಾವಣೆಯ ಅರ್ಜಿ. ತಡವಾದರೆ ಸಮರ್ಪಕ ಕಾರಣವನ್ನು ಒಪ್ಪಿಕೊಂಡು ಅರ್ಜಿಯನ್ನು ಸ್ವೀಕರಿಸುವ ಅಧಿಕಾರವು ಪ್ರಾಧಿಕಾರಕ್ಕಿದೆ. ಆದರೆ ರಹದಾರಿಯ ಅವಧಿ ಈ ನಡುವೆ ಮುಗಿದುಹೋದರೆ ಅದನ್ನು ಮುಂದೆ ಬಳಸುವಂತಿಲ್ಲ. ನೋಂದಣಿ ಶಾಖೆಗೆ ಕೊಟ್ಟ ಪತ್ರವೇ ರಹದಾರಿಗೂ ಸಾಕೆಂದು ಭಾವಿಸದೆ ಪ್ರತ್ಯೇಕ ಪತ್ರ ಕೊಡುವುದು ಕ್ಷೇಮ.

ವಾಹನದ ಮೇಲೆ ಬ್ಯಾಂಕಿನ ಅಥವಾ ಹಣಕಾಸು ಸಂಸ್ಥೆಯ ಸಾಲವಿದ್ದು ಅದು ನೋಂದಣಿ ಪ್ರಮಾಣಪತ್ರದಲ್ಲಿ ದಾಖಲಾಗಿದ್ದರೆ, 51ನೆಯ ಪ್ರಕರಣದ ಪ್ರಕಾರ ಅವರ ಲಿಖಿತ ಒಪ್ಪಿಗೆಯಿಲ್ಲದೆ ವರ್ಗಾವಣೆಯನ್ನು ದಾಖಲಿಸುವಂತಿಲ್ಲ. ಸಾಲ ತೀರಿ ಹಲವು ವರ್ಷಗಳಾಗಿದ್ದರೂ ನಮೂನೆ 35 ಕೊಟ್ಟು ಆ ನಮೂದನ್ನು ತೆಗೆಸದೆ ಬಿಟ್ಟವರು ನಮ್ಮ ಸದಸ್ಯರಲ್ಲಿಯೂ ಬೇಕಾದಷ್ಟಿರಬಹುದು. ಸಾಲ ಕೊಟ್ಟ ಸಂಸ್ಥೆ ಈ ನಡುವೆ ಮತ್ತೊಂದರಲ್ಲಿ ವಿಲೀನವಾಗಿದ್ದರೆ ಮಕ್ಕಳು ಪಡುವ ಪಾಡು ಹೇಳತೀರದು. ಬದುಕಿರುವಾಗಲೇ ಮಾಡಬಹುದಾದ, ಒಂದು ದಿನದ ಕೆಲಸ ಇದು. ಸಾಲ ಇನ್ನೂ ನಡೆಯುತ್ತಿದ್ದರೆ, ಸಾಲದೊಡನೆ ಜೀವವಿಮೆಯೇನಾದರೂ ಜೋಡಣೆಯಾಗಿತ್ತೇ ಎಂದು ಬ್ಯಾಂಕಿನಲ್ಲಿ ವಿಚಾರಿಸಲು ಮರೆಯಬಾರದು.

ವಾಹನ ‘ಅಂಗಡಿಯ ಹೆಸರಿನಲ್ಲಿದ್ದರೆ’

“ನಮ್ಮ ವಾಹನ ನನ್ನ ಹೆಸರಿನಲ್ಲಿಲ್ಲ, ಅಂಗಡಿಯ ಹೆಸರಿನಲ್ಲಿದೆ” ಎಂದು ನಿಶ್ಚಿಂತೆಯಿಂದ ಹೇಳುವವರಿದ್ದಾರೆ. ಅಂಗಡಿಯೆಂದರೆ ಏನೆಂಬುದರ ಮೇಲೆ ಎಲ್ಲವೂ ನಿಂತಿದೆ. ಒಬ್ಬರೇ ಮಾಲೀಕರಾದ ವ್ಯವಹಾರದಲ್ಲಿ ಅಂಗಡಿಯ ಹೆಸರು ಬರೀ ಹೆಸರಷ್ಟೇ. ಕಾನೂನಿನ ದೃಷ್ಟಿಯಲ್ಲಿ ಅಂಗಡಿಯೂ ಮಾಲೀಕರೂ ಒಂದೇ. ಮಾಲೀಕರು ತೀರಿಕೊಂಡರೆ ಮೇಲೆ ಹೇಳಿದ ವಿಧಿಗಳೆಲ್ಲವೂ ಅನ್ವಯಿಸುತ್ತವೆ. ಜಿ.ಎಸ್.ಟಿ. ನೋಂದಣಿಯೂ ಪಾನ್ ಸಂಖ್ಯೆಯ ಮೇಲೆ ನಿಂತಿರುವುದರಿಂದ ಮಗ ಅಥವಾ ಪತ್ನಿ ವ್ಯವಹಾರ ಮುಂದುವರಿಸುವುದಾದರೆ ತಮ್ಮ ಹೆಸರಿನಲ್ಲಿ ನೋಂದಣಿ ಪಡೆಯಬೇಕು. ಉಳಿದಿರುವ ಹೂಡುವಳಿ ತೆರಿಗೆ ಜಮೆಯನ್ನು ಐ.ಟಿ.ಸಿ.–02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಲು ಅವಕಾಶವಿದೆಯೆಂದು 2019ರ ಮಾರ್ಚ್ 28ರ ಸುತ್ತೋಲೆ ಸ್ಪಷ್ಟಪಡಿಸಿದೆ. ವ್ಯವಹಾರ ಮಗನ ಹೆಸರಿಗೆ ಬಂದು ವಾಹನ ತಂದೆಯ ಹೆಸರಿನಲ್ಲಿಯೇ ಉಳಿದರೆ ಲೆಕ್ಕಪತ್ರದಲ್ಲಿ ಅದರ ಖರ್ಚು, ಸವಕಳಿಗಳನ್ನು ಸಮರ್ಥಿಸುವುದು ಕಷ್ಟವಾಗುತ್ತದೆ.

ಪಾಲುದಾರಿಕೆಯಲ್ಲಿ ವಿಷಯ ಇನ್ನೂ ಸೂಕ್ಷ್ಮ. ಭಾರತೀಯ ಪಾಲುದಾರಿಕೆ ಅಧಿನಿಯಮ, 1932ರ 42ನೆಯ ಪ್ರಕರಣದಂತೆ, ಪಾಲುದಾರರ ನಡುವೆ ಬೇರೆ ಕರಾರಿಲ್ಲದಿದ್ದರೆ ಒಬ್ಬರ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ. ಆದುದರಿಂದಲೇ ಪಾಲುದಾರಿಕೆ ಪತ್ರದಲ್ಲಿ, ಒಬ್ಬರು ತೀರಿಕೊಂಡರೂ ಉಳಿದವರು ವ್ಯವಹಾರ ಮುಂದುವರಿಸತಕ್ಕದ್ದು ಎಂಬ ಷರತ್ತನ್ನು ಸೇರಿಸುವುದು ವಾಡಿಕೆ. ಆದರೆ ಇಬ್ಬರೇ ಪಾಲುದಾರರಿದ್ದಲ್ಲಿ ಈ ಷರತ್ತು ಕೆಲಸಕ್ಕೆ ಬಾರದು; ಒಬ್ಬರೇ ಉಳಿದ ಮೇಲೆ ಪಾಲುದಾರಿಕೆ ಎಂಬುದೇ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸೇಠ್ ಗೋವಿಂದರಾಮ್ ಶುಗರ್ ಮಿಲ್ಸ್ ಪ್ರಕರಣದಲ್ಲಿ 1965ರಷ್ಟು ಹಿಂದೆಯೇ ತೀರ್ಪು ನೀಡಿದೆ. ನಮ್ಮ ಪೇಟೆಗಳಲ್ಲಿ ಅಣ್ಣತಮ್ಮಂದಿರಿಬ್ಬರೇ ಪಾಲುದಾರರಾಗಿರುವ ಅಂಗಡಿಗಳು ಎಷ್ಟಿವೆಯೆಂದು ಓದುಗರೇ ಎಣಿಸಿಕೊಳ್ಳಲಿ. ಅಣ್ಣ ಕಾಲವಾದ ಮಾರನೆಯ ದಿನ ಆ ಲಾರಿ ಯಾರದು ಎಂಬ ಪ್ರಶ್ನೆಗೆ ಉತ್ತರ ಸುಲಭವಿಲ್ಲ. ಮನೆಯ ಮತ್ತೊಬ್ಬರನ್ನು, ಅತ್ತಿಗೆಯನ್ನೋ ಮಗನನ್ನೋ, ಮೂರನೆಯ ಪಾಲುದಾರರಾಗಿ ಸೇರಿಸಿಕೊಂಡು ಪತ್ರವನ್ನು ಹೊಸದಾಗಿ ಬರೆಸುವುದು ಇದಕ್ಕೆ ಪರಿಹಾರ.

ಪ್ರೈವೇಟ್ ಲಿಮಿಟೆಡ್ ಕಂಪನಿ ಮತ್ತು ಎಲ್.ಎಲ್.ಪಿ.ಗಳಿಗೆ ಈ ಚಿಂತೆಯಿಲ್ಲ. ನಿರ್ದೇಶಕರು ತೀರಿಕೊಂಡರೂ ವಾಹನ ಕಂಪನಿಯದೇ; ಕಾಗದಪತ್ರಗಳಿಗೆ ಸಹಿ ಹಾಕುವ ಅಧಿಕಾರವನ್ನು ಮತ್ತೊಬ್ಬರಿಗೆ ನಿರ್ಣಯದ ಮೂಲಕ ಕೊಟ್ಟರಾಯಿತು.

ನಾಮಿನಿಯ ಸೌಲಭ್ಯ

2021ರಲ್ಲಿ ಕೇಂದ್ರ ಸರ್ಕಾರವು ನಿಯಮಗಳಿಗೆ ತಿದ್ದುಪಡಿ ತಂದು, ವಾಹನ ಮಾಲೀಕರು ನೋಂದಣಿಯಲ್ಲಿಯೇ ನಾಮಿನಿಯನ್ನು ಸೂಚಿಸಲು ಅವಕಾಶ ಕಲ್ಪಿಸಿತು. ಹೊಸ ವಾಹನ ನೋಂದಾಯಿಸುವಾಗ ಸೂಚಿಸಬಹುದು, ಹಳೆಯ ವಾಹನಕ್ಕೆ ಆನಂತರವೂ ಸೇರಿಸಬಹುದು. ಮಾಲೀಕರು ತೀರಿಕೊಂಡಾಗ ನಾಮಿನಿಯು ಮರಣ ಪ್ರಮಾಣಪತ್ರವನ್ನು ಜಾಲತಾಣದಲ್ಲಿ ಸಲ್ಲಿಸಿ ತಮ್ಮ ಹೆಸರಿಗೆ ಹೊಸ ನೋಂದಣಿ ಪ್ರಮಾಣಪತ್ರ ಕೋರಬಹುದು. ವಾರಸುದಾರಿಕೆಯ ಕಾಗದಗಳಿಗಾಗಿ ಅಲೆಯುವ ಶ್ರಮ ಇದರಿಂದ ಬಹುಮಟ್ಟಿಗೆ ಉಳಿಯುತ್ತದೆ. ಬ್ಯಾಂಕ್ ಠೇವಣಿಗೆ ತಪ್ಪದೆ ನಾಮಿನಿ ಬರೆಯುವ ನಾವು ಹತ್ತು ಹದಿನೈದು ಲಕ್ಷದ ವಾಹನಕ್ಕೆ ಬರೆಯುವುದಿಲ್ಲ.

ಒಂದು ಎಚ್ಚರಿಕೆ. ಜೀವವಿಮೆಯ ವಿಷಯದಲ್ಲಿ 1983ರಲ್ಲಿ, ಷೇರುಗಳ ವಿಷಯದಲ್ಲಿ 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಾಮಿನಿಯಾದ ಮಾತ್ರಕ್ಕೆ ಪೂರ್ಣ ಒಡೆತನ ಬರುವುದಿಲ್ಲ, ವಾರಸುದಾರರ ಹಕ್ಕು ಉಳಿದೇ ಇರುತ್ತದೆ ಎಂದು ಹೇಳಿದೆ. ವಾಹನದ ನಾಮಿನಿಯೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಸೋದರ ಸೋದರಿಯರ ಪಾಲನ್ನು ಮೊದಲೇ ಮಾತನಾಡಿ ಬಗೆಹರಿಸಿಕೊಳ್ಳುವುದು ವಿವೇಕ.

ಕೊನೆಯದಾಗಿ ಎರಡು ಚಿಲ್ಲರೆ ಸಂಗತಿಗಳು. ವಾಹನದ ದಾಖಲೆಗೆ ಜೋಡಣೆಯಾಗಿರುವುದು ತೀರಿಕೊಂಡವರ ಮೊಬೈಲ್ ಸಂಖ್ಯೆ. ಒ.ಟಿ.ಪಿ. ಬರುವುದು ಅದಕ್ಕೇ. ಇನ್ನೇಕೆ ಬೇಕೆಂದು ಆ ಸಿಮ್ ಅನ್ನು ರೀಚಾರ್ಜ್ ಮಾಡದೆ ಬಿಟ್ಟರೆ ಕೆಲವು ತಿಂಗಳಲ್ಲಿ ಸಂಖ್ಯೆ ಕಡಿತಗೊಳ್ಳುತ್ತದೆ, ಆನಂತರ ಬೇರೆಯವರ ಪಾಲಾಗುತ್ತದೆ. ವರ್ಗಾವಣೆ ಪೂರ್ಣಗೊಳ್ಳುವವರೆಗೆ ಅದನ್ನು ಚಾಲನೆಯಲ್ಲಿಡಿ. ಫಾಸ್ಟ್ಯಾಗ್ ಕೂಡ ಮೃತರ ಗುರುತಿನ ದಾಖಲೆಯ ಮೇಲೆ, ಕೆಲವೊಮ್ಮೆ ಅವರ ಬ್ಯಾಂಕ್ ಖಾತೆಯೊಡನೆ ಜೋಡಣೆಯಾಗಿರುತ್ತದೆ. ಮರಣದ ಸುದ್ದಿ ತಿಳಿದೊಡನೆ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ, ಸರಕು ತುಂಬಿದ ವಾಹನ ಟೋಲ್ ಬಳಿ ನಿಂತುಬಿಡುತ್ತದೆ. ಹೊಸ ನೋಂದಣಿ ಪ್ರಮಾಣಪತ್ರ ಬಂದ ಕೂಡಲೇ ಹಳೆಯದನ್ನು ಮುಚ್ಚಿಸಿ ಹೊಸ ಮಾಲೀಕರ ಹೆಸರಿನಲ್ಲಿ ಫಾಸ್ಟ್ಯಾಗ್ ಪಡೆಯಬೇಕು.

ಮೇಲೆ ಕೊಟ್ಟಿರುವ ತಿಳಿವಳಿಕೆ ಪತ್ರದ ಒಕ್ಕಣೆಯನ್ನು ಸದಸ್ಯರು ಪ್ರತಿ ಮಾಡಿಕೊಂಡು, ವಾಹನದ ಮೂಲ ದಾಖಲೆಗಳಿರುವ ಕಡತದಲ್ಲಿಯೇ ಇರಿಸಬಹುದು. ಕಡತ ಎಲ್ಲಿದೆಯೆಂದು ಮನೆಯ ಇನ್ನೊಬ್ಬರಿಗಾದರೂ ತಿಳಿಸಿರಬೇಕು.